ದೃಷ್ಟಿ ಕುಂದಿದ ಮೇಲೆ ಮನೆಯ ದಿನಚರಿ ಮತ್ತು ಬಿಡುವಿನ ಹೊತ್ತು: ಆಟದಿಂದ ಆರಂಭಿಸುವ ಒಂದು ಮಾರ್ಗದರ್ಶಿ

ನಡುವಯಸ್ಸಿನಲ್ಲಿಯೋ ಇಳಿವಯಸ್ಸಿನಲ್ಲಿಯೋ ದೃಷ್ಟಿ ಕಳೆದುಕೊಂಡವರ ಮನೆಯಲ್ಲಿ ಸಾಮಾನ್ಯವಾಗಿ ಒಂದೇ ಕ್ರಮ ನಡೆಯುತ್ತದೆ. ಮೊದಲು ಅವರ ಕೈಯಿಂದ ಚಾಕು ಹೋಗುತ್ತದೆ, ಆಮೇಲೆ ಒಲೆಯ ಮುಂದಿನ ಜಾಗ ಹೋಗುತ್ತದೆ, ಆಮೇಲೆ ಬೀದಿಯ ತುದಿಯ ಅಂಗಡಿಗೆ ಹೋಗಿ ಹಾಲು ತರುವ ಕೆಲಸವೂ ಹೋಗುತ್ತದೆ. ಯಾವುದನ್ನೂ ಯಾರೂ ದ್ವೇಷದಿಂದ ಕಸಿದುಕೊಳ್ಳುವುದಿಲ್ಲ. ಎಲ್ಲವೂ ಪ್ರೀತಿಯಿಂದ ಮತ್ತು ಭಯದಿಂದಲೇ ನಡೆಯುತ್ತದೆ. ಕೊನೆಗೆ ಉಳಿಯುವುದು ಒಂದು ಕುರ್ಚಿ, ಟಿ.ವಿ.ಯ ಸದ್ದು ಮತ್ತು ಊಟದ ಹೊತ್ತಿಗಾಗಿ ಕಾಯುವುದು. ನನ್ನ 54ನೆಯ ವಯಸ್ಸಿನಲ್ಲಿ ಗ್ಲಾಕೋಮಾದಿಂದ ಎರಡೂ ಕಣ್ಣುಗಳ ದೃಷ್ಟಿ ಬಹುಮಟ್ಟಿಗೆ ಹೋದಾಗ ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಆ ಕುರ್ಚಿಯಿಂದ ಎದ್ದು ಮತ್ತೆ ಅಡುಗೆಮನೆಗೂ ಬೀದಿಗೂ ಹೋಗುವುದಕ್ಕೆ ನಾನು ಹಿಡಿದ ದಾರಿಯನ್ನು, ದಾರಿಯಲ್ಲಿ ಜೊತೆಯವರಿಂದ ಕಲಿತದ್ದನ್ನು, ಅದೇ ಸ್ಥಿತಿಯಲ್ಲಿರುವವರಿಗೂ ಅವರ ಮನೆಯವರಿಗೂ ಉಪಯೋಗವಾಗಲೆಂದು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ನನ್ನ ಸಲಹೆ ಮೊದಲಿಗೆ ಕೆಲವರಿಗೆ ವಿಚಿತ್ರವೆನಿಸಬಹುದು. ಒಲೆಯಿಂದಲೂ ಬಿಳಿಕೋಲಿನಿಂದಲೂ ಆರಂಭಿಸಬೇಡಿ, ಆಟದಿಂದ ಆರಂಭಿಸಿ. ಕಣ್ಣಿಲ್ಲದೆ ಬದುಕುವುದಕ್ಕೆ ಬೇಕಾದ ಕೌಶಲಗಳು ಮುಖ್ಯವಾಗಿ ಮೂರು: ಬೆರಳಿನಿಂದ ಎಣಿಸುವುದು, ಯಾವ ವಸ್ತು ಎಲ್ಲಿದೆ ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು, ಸದ್ದನ್ನು ಗಮನವಿಟ್ಟು ಕೇಳುವುದು. ಈ ಮೂರನ್ನೂ ಬಿಸಿಎಣ್ಣೆಯ ಮುಂದೆ ಕಲಿಯುವುದಕ್ಕಿಂತ ಒಂದು ಆಟದ ಮಣೆಯ ಮುಂದೆ ಕಲಿಯುವುದು ಸುಲಭ, ಏಕೆಂದರೆ ಅಲ್ಲಿ ತಪ್ಪಿದರೆ ಕೈ ಸುಡುವುದಿಲ್ಲ. ಆಟದಲ್ಲಿ ಎದುರಿಗೆ ಕುಳಿತವರು ನಿಮ್ಮನ್ನು ನೋಡಿಕೊಳ್ಳುವವರಾಗಿರುವುದಿಲ್ಲ, ನಿಮ್ಮ ಎದುರಾಳಿಯಾಗಿರುತ್ತಾರೆ ಎಂಬುದು ಇನ್ನೂ ದೊಡ್ಡ ಕಾರಣ.

ಮೊದಲು: ಉಳಿದಿರುವ ದೃಷ್ಟಿಯನ್ನು ತಿಳಿದುಕೊಳ್ಳಿ

ದೃಷ್ಟಿ ಹೋಯಿತು ಎನ್ನುವವರಲ್ಲಿ ಬಹಳ ಮಂದಿಗೆ ಪೂರ್ಣ ಕತ್ತಲೆಯಿರುವುದಿಲ್ಲ. ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಅಂಚಿನ ದೃಷ್ಟಿ ಮೊದಲು ಹೋಗಿ ನಡುವಿನದು ಕೊಳವೆಯಲ್ಲಿ ಕಂಡಂತೆ ಉಳಿಯುತ್ತದೆ. ವಯಸ್ಸಿಗೆ ಸಂಬಂಧಿಸಿದ ಮ್ಯಾಕ್ಯುಲಾದ, ಅಂದರೆ ಅಕ್ಷಿಪಟಲದ ನಡುಭಾಗದ, ತೊಂದರೆಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ನಡುವಿನದು ಹೋಗಿ ಅಂಚಿನದು ಉಳಿಯುತ್ತದೆ. ಮಧುಮೇಹದಿಂದ ಅಕ್ಷಿಪಟಲ ಕೆಟ್ಟವರಿಗೆ ಅಲ್ಲಲ್ಲಿ ಕಲೆ ಬಿದ್ದಂತೆ ಕಾಣುತ್ತದೆ. ಆದ್ದರಿಂದ ಔಷಧೋಪಚಾರ ಮುಗಿಯಿತು ಎಂದು ವೈದ್ಯರು ಹೇಳಿದ ದಿನವೇ ಮಂದದೃಷ್ಟಿ ವಿಭಾಗಕ್ಕೆ ಚೀಟಿ ಬರೆದುಕೊಡಿ ಎಂದು ಕೇಳಿರಿ. ಯಾವ ಭೂತಗನ್ನಡಿ, ಎಷ್ಟು ಬೆಳಕು, ಯಾವ ಕೋನದಿಂದ ಎಂಬುದನ್ನು ಅಲ್ಲಿ ಅಳೆದು ಹೇಳುತ್ತಾರೆ. ಒಂದು ವಿಭಾಗದ ಬಾಗಿಲಿನಲ್ಲಿ ನನಗೆ ‘ಇನ್ನು ಏನೂ ಮಾಡಲು ಬರುವುದಿಲ್ಲ’ ಎಂದಷ್ಟೇ ಹೇಳಿ ಕಳುಹಿಸಿದ್ದರು. ಆ ಮಾತನ್ನು ನಂಬಿ ನಾನು ಎಂಟು ತಿಂಗಳು ಕಳೆದುಕೊಂಡೆ.

ಮನೆಯಲ್ಲಿ ಮಾಡಬೇಕಾದ ಮೊದಲ ಬದಲಾವಣೆಗೆ ಹಣ ಬೇಕಾಗುವುದಿಲ್ಲ, ಬಣ್ಣಗಳ ವ್ಯತ್ಯಾಸವನ್ನು ಗಮನಿಸಿದರೆ ಸಾಕು. ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಮೊಸರನ್ನ ಕಾಣುವುದಿಲ್ಲ, ಬಾಳೆಲೆಯ ಮೇಲೆ ಕಾಣುತ್ತದೆ. ಸ್ಟೀಲ್ ಲೋಟದಲ್ಲಿ ನೀರು ಎಷ್ಟಿದೆಯೆಂದು ತಿಳಿಯುವುದಿಲ್ಲ. ಹಾಲಿಗೆ ಗಾಢ ಬಣ್ಣದ ಲೋಟವನ್ನೂ ಕಾಫಿಗೆ ಬಿಳಿಯ ಲೋಟವನ್ನೂ ಇಟ್ಟರೆ ಮಟ್ಟ ಗೋಚರಿಸುತ್ತದೆ. ಹೊಸ ಮನೆಗಳ ಹೊಳೆಯುವ ಬಿಳಿ ಟೈಲ್ಸಿಗಿಂತ ಹಳೆಯ ಮನೆಗಳ ಕಾವಿ ನೆಲದಲ್ಲಿ ನಡೆಯುವುದು ಮಂದದೃಷ್ಟಿಯವರಿಗೆ ಎಷ್ಟೋ ಹಿತ. ನೆಲವನ್ನು ಬದಲಿಸಲಾಗದಿದ್ದರೂ ಮೆಟ್ಟಿಲುಗಳ ಅಂಚಿಗೆ ಎರಡು ಬೆರಳಗಲದ ಹಳದಿ ಪಟ್ಟಿ ಅಂಟಿಸಬಹುದು. ಓದುವಾಗ ದೀಪವು ಎದುರಿನಿಂದ ಕಣ್ಣಿಗೆ ಹೊಡೆಯಬಾರದು, ಹೆಗಲಿನ ಹಿಂದಿನಿಂದ ಪುಟದ ಮೇಲೆ ಬೀಳಬೇಕು.

ಮನೆಯವರು ಪಾಲಿಸಬೇಕಾದ ನಾಲ್ಕು ಕಟ್ಟಳೆಗಳು

ಬಾಗಿಲುಗಳು ಪೂರ್ತಿ ತೆರೆದಿರಬೇಕು ಇಲ್ಲವೇ ಪೂರ್ತಿ ಮುಚ್ಚಿರಬೇಕು; ಅರ್ಧ ತೆರೆದ ಬಾಗಿಲಿನ ಅಂಚು ಹಣೆಗೆ ಬಡಿಯುತ್ತದೆ. ವಸ್ತುವನ್ನು ತೆಗೆದವರು ತೆಗೆದ ಜಾಗದಲ್ಲಿಯೇ ಇಡಬೇಕು, ಸ್ವಚ್ಛಗೊಳಿಸುವ ಉತ್ಸಾಹದಲ್ಲಿಯೂ ಇದನ್ನು ಮರೆಯಬಾರದು. ಕೋಣೆಗೆ ಬಂದವರು ಹೆಸರು ಹೇಳಿ ಮಾತಿಗೆ ತೊಡಗಬೇಕು, ಹೊರಡುವಾಗಲೂ ಹೇಳಿ ಹೊರಡಬೇಕು. ಎದ್ದುಹೋದವರೊಡನೆ ಮಾತನಾಡುತ್ತ ಕುಳಿತಿದ್ದೆ ಎಂದು ತಿಳಿದಾಗ ಆಗುವ ಸಂಕೋಚ ಸಣ್ಣದಲ್ಲ. ನಾಲ್ಕನೆಯದು ಮಾತಿಗೆ ಸಂಬಂಧಿಸಿದ್ದು: ‘ಅಲ್ಲಿ’, ‘ಇಲ್ಲಿ’, ‘ಅದರ ಪಕ್ಕ’ ಎಂಬ ಪದಗಳನ್ನು ಬಿಟ್ಟು, ‘ನಿಮ್ಮ ಬಲಗೈಯಿಂದ ಒಂದು ಗೇಣು ಮುಂದೆ’ ಎಂದು ಹೇಳುವುದನ್ನು ರೂಢಿಸಿಕೊಳ್ಳಬೇಕು. ಗೇಣು, ಮೊಳ, ಮಾರು, ಹೆಜ್ಜೆ ಇವೆಲ್ಲ ಮೈಯ ಅಳತೆಗಳಾದ್ದರಿಂದ ಮೀಟರಿಗಿಂತ ಬೇಗ ಕೈಗೆ ಹತ್ತುತ್ತವೆ.

ಆಟದ ಮಣೆಯ ಮುಂದೆ

ಅಟ್ಟದ ಮೇಲೆ ಅಳಿಗುಳಿಮಣೆ ಇದ್ದರೆ ಇಳಿಸಿರಿ. ಕರಾವಳಿಯಲ್ಲಿ ಚೆನ್ನೆಮಣೆ ಎಂದು ಕರೆಯುವ ಈ ಆಟವನ್ನು ದೃಷ್ಟಿಯಿಲ್ಲದವರಿಗಾಗಿ ಬದಲಾಯಿಸುವ ಅಗತ್ಯವೇ ಇಲ್ಲ, ಅದು ಮೂಲತಃ ಬೆರಳುಗಳ ಆಟ. ಎರಡು ಸಾಲುಗಳಲ್ಲಿ ಏಳೇಳು ಗುಳಿಗಳು, ಒಟ್ಟು 14. ಪ್ರತಿ ಗುಳಿಯಲ್ಲಿ ಊರಿನ ಪದ್ಧತಿಯಂತೆ ನಾಲ್ಕೋ ಐದೋ ಹುಣಸೆಬೀಜ ಅಥವಾ ಕವಡೆ. ಕಲಿಕೆಯನ್ನು ಹೀಗೆ ನಡೆಸಿರಿ.

ಮೊದಲ ದಿನ ಆಡಬೇಡಿ. ಖಾಲಿ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯ ತೋರುಬೆರಳನ್ನು ಎಡತುದಿಯ ಗುಳಿಯಲ್ಲಿಟ್ಟು, ಬಲಗೈಯಿಂದ ಏಳರವರೆಗೆ ಎಣಿಸುತ್ತ ಹೋಗಿ, ಮೇಲಿನ ಸಾಲಿಗೆ ತಿರುಗಿ ಬರಬೇಕು. ಎಡಗೈ ಒಂದು ಕಡೆ ನೆಲೆಯಾಗಿ ನಿಲ್ಲುವುದು, ಬಲಗೈ ಹುಡುಕುವುದು: ಈ ಒಂದು ಅಭ್ಯಾಸವೇ ಮುಂದೆ ತರಕಾರಿ ಹೆಚ್ಚುವಾಗ, ಉಬ್ಬುಚುಕ್ಕಿಗಳ ಬ್ರೈಲ್ ಲಿಪಿಯ ಸಾಲು ಓದುವಾಗ, ಪಾತ್ರೆ ಹುಡುಕುವಾಗ ನೆರವಿಗೆ ಬರುತ್ತದೆ. ಎರಡನೆಯ ದಿನ ಕಾಯಿಗಳನ್ನು ತುಂಬಿ, ಒಂದು ಗುಳಿಯನ್ನು ಬರಿದುಮಾಡಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುವುದನ್ನು ಮಾತ್ರ ಮಾಡಬೇಕು. ಕಾಯಿಗಳೆಲ್ಲ ಒಂದೇ ಸಲ ಜಾರದಂತೆ ಮುಷ್ಟಿಯಿಂದ ಒಂದೊಂದನ್ನೇ ಹೆಬ್ಬೆರಳಿನಿಂದ ಹೊರದೂಡುವುದಕ್ಕೆ ಒಂದು ವಾರ ಹಿಡಿದರೂ ಚಿಂತೆಯಿಲ್ಲ. ಅನಂತರ ಜೊತೆಯಾಟ. ಆಗ ಎರಡು ಒಪ್ಪಂದಗಳು ಸಾಕು: ಯಾವ ಗುಳಿಯಿಂದ ಎತ್ತಿದೆ, ಎಲ್ಲಿ ಮುಗಿಯಿತು, ಎಷ್ಟು ಗೆದ್ದೆ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಬೇಕು, ಆಡುವ ಮೊದಲು ಗುಳಿಗಳನ್ನು ಮುಟ್ಟಿ ಎಣಿಸುವ ಹಕ್ಕು ಇಬ್ಬರಿಗೂ ಸಮನಾಗಿರಬೇಕು. ಕಾಣುವವರು ಕರುಣೆಯಿಂದ ಸೋಲಬಾರದು. ಅದು ಬೆರಳಿಗೆ ತಿಳಿದೇ ತಿಳಿಯುತ್ತದೆ.

ಚೌಕಾಬಾರಕ್ಕೆ ಸ್ವಲ್ಪ ಸಿದ್ಧತೆ ಬೇಕು. ದಪ್ಪ ರಟ್ಟಿನ ಮೇಲೆ ಐದು ಸಾಲು, ಐದು ಕಂಬಗಳ ಮನೆಗಳನ್ನು ಗೆರೆ ಎಳೆದು, ಗೆರೆಗಳ ಮೇಲೆ ಗೋಂದಿನಿಂದ ಸಣಬಿನ ದಾರವನ್ನು ಅಂಟಿಸಿರಿ. ಕಾಯಿಯನ್ನು ಹೊಡೆಯಲಾಗದ ಕಟ್ಟೆಮನೆಗಳಲ್ಲಿ ಉಪ್ಪುಕಾಗದದ ತುಂಡು ಅಂಟಿಸಿದರೆ ಬೆರಳಿಗೆ ಒರಟಾಗಿ ಸಿಗುತ್ತದೆ. ಕಾಯಿಗಳಾಗಿ ಒಬ್ಬರಿಗೆ ಹುಣಸೆಬೀಜ, ಒಬ್ಬರಿಗೆ ಗುಂಡಿ, ಒಬ್ಬರಿಗೆ ಮೆಣಸಿನ ಕಾಳು, ಒಬ್ಬರಿಗೆ ಕಡಲೆ ಎಂದು ಹಂಚಿಕೊಳ್ಳುವುದು ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದ್ದದ್ದೇ. ನಾಲ್ಕು ಕವಡೆಗಳನ್ನು ನೆಲಕ್ಕೆ ಹಾಕದೆ ಅಂಚಿರುವ ತಟ್ಟೆಯಲ್ಲಿ ಹಾಕಿದರೆ ಎಲ್ಲಿಯೂ ಉರುಳಿಹೋಗುವುದಿಲ್ಲ. ಬಾಯಿ ಮೇಲಾಗಿ ಬಿದ್ದದ್ದೋ ಬೆನ್ನು ಮೇಲಾಗಿ ಬಿದ್ದದ್ದೋ ಎಂಬುದನ್ನು ಹಗುರವಾಗಿ ತಟ್ಟಿ ನೋಡಿದರೆ ತಿಳಿಯುತ್ತದೆ.

ಚದುರಂಗ ಬಲ್ಲವರು ಅದನ್ನು ಬಿಡಬೇಕಾಗಿಲ್ಲ. ದೃಷ್ಟಿಹೀನರ ಚದುರಂಗದ ಹಲಗೆಯಲ್ಲಿ ಕಪ್ಪು ಮನೆಗಳು ಬಿಳಿಯವಕ್ಕಿಂತ ತುಸು ಎತ್ತರವಾಗಿರುತ್ತವೆ, ಪ್ರತಿ ಮನೆಯ ನಡುವೆ ಕಾಯಿಯ ಕಡ್ಡಿ ಸಿಕ್ಕಿಸುವ ತೂತಿರುತ್ತದೆ, ಒಂದು ಬಣ್ಣದ ಕಾಯಿಗಳ ತಲೆಯ ಮೇಲೆ ಸಣ್ಣ ಮೊಳೆಯ ಗುರುತಿರುತ್ತದೆ. ಕೈಯಿಂದ ತಡವಿ ನೋಡುವುದು ‘ಮುಟ್ಟಿದ ಕಾಯಿಯನ್ನೇ ಆಡಬೇಕು’ ಎಂಬ ಲೆಕ್ಕಕ್ಕೆ ಬರುವುದಿಲ್ಲ. ಕಾಯಿಯನ್ನು ತೂತಿನಿಂದ ಎತ್ತಿದರೆ ಮಾತ್ರ ಮುಟ್ಟಿದಂತೆ. ಇಬ್ಬರೂ ತಮ್ಮ ತಮ್ಮ ಹಲಗೆಯಲ್ಲಿ ಆಡಿ ನಡೆಯನ್ನು ಕೂಗಿ ಹೇಳುತ್ತಾರೆ. ಎ, ಬಿ, ಸಿ, ಡಿ ಅಕ್ಷರಗಳು ಕಿವಿಗೆ ಒಂದೇ ತೆರನಾಗಿ ಕೇಳಿ ಗೊಂದಲವಾಗದಂತೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಎಂಟು ಕಂಬಗಳಿಗೆ ಅನ್ನಾ, ಬೆಲ್ಲಾ, ಸೀಸರ್, ಡೇವಿಡ್, ಈವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್ ಎಂದು ಹೆಸರಿಟ್ಟಿದ್ದಾರೆ. ಇಸ್ಪೀಟಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ: ಎಲೆಗಳ ಮೂಲೆಯಲ್ಲಿ ಬ್ರೈಲ್ ಚುಕ್ಕಿ ಒತ್ತಿಸಿಕೊಂಡರೆ, ಮತ್ತು ಎಲೆ ಎಸೆಯುವವರು ಅದರ ಹೆಸರು ಹೇಳಿದರೆ, ಆಟ ನಡೆಯುತ್ತದೆ.

ಆಟದಿಂದ ಅಡುಗೆಮನೆಗೆ

ಮಣೆಯ ಮುಂದೆ ಬೆರಳುಗಳಿಗೆ ಧೈರ್ಯ ಬಂದ ಮೇಲೆ, ಕಣ್ಣಿದ್ದಾಗಲೂ ಕೈಯೇ ಮುಂದಾಗಿ ಮಾಡುತ್ತಿದ್ದ ಕೆಲಸಗಳನ್ನು ಎತ್ತಿಕೊಳ್ಳಿ. ಅವರೆಕಾಯಿ ಬಿಡಿಸುವುದು, ನೆನೆದ ಅವರೆಕಾಳನ್ನು ಹಿಸುಕುವುದು, ದೇವರ ದೀಪಕ್ಕೆ ಬತ್ತಿ ಹೊಸೆಯುವುದು, ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವುದು: ಇವುಗಳಲ್ಲಿ ಪಳಗಿದವರು ಮೊದಲಿನಿಂದಲೂ ಬಾಗಿಲಿನ ಕಡೆ ನೋಡುತ್ತ, ಮಾತನಾಡುತ್ತ ಮಾಡುತ್ತಿದ್ದರಲ್ಲವೇ? ಹೂ ಕಟ್ಟುವಾಗ ಮೊಗ್ಗುಗಳನ್ನು ಮೊದಲೇ ತೊಟ್ಟು ಒಂದೇ ಕಡೆಗೆ ಬರುವಂತೆ ಜೋಡಿಸಿಟ್ಟುಕೊಂಡರೆ ಸಾಕು. ಸಂಜೆಗೆ ಎರಡು ಮಾರು ಹೂ ಕಟ್ಟಿ ಕೊಡುವವರನ್ನು ಮನೆಯವರು ಕೂಡಿಸಿ ಊಟ ಬಡಿಸುವ ರೀತಿಯೇ ಬದಲಾಗುತ್ತದೆ. ಇದು ನನ್ನ ಅನುಭವ.

ಊಟದ ಮಾತು ಬಂದದ್ದರಿಂದ ಒಂದು ಸಂಗತಿ. ತಟ್ಟೆಯನ್ನು ಗಡಿಯಾರದ ಮುಖವೆಂದು ಭಾವಿಸಿ ‘ಪಲ್ಯ ಮೂರು ಗಂಟೆಗೆ, ಚಟ್ನಿ ಹನ್ನೆರಡಕ್ಕೆ’ ಎಂದು ಹೇಳುವ ಪದ್ಧತಿಯನ್ನು ತರಬೇತಿ ಕೇಂದ್ರಗಳಲ್ಲಿ ಕಲಿಸುತ್ತಾರೆ, ಅದು ಒಳ್ಳೆಯದೇ. ಆದರೆ ನಮ್ಮ ಬಾಳೆಲೆ ಊಟದಲ್ಲಿ ಇಂಥ ನಕ್ಷೆ ಮೊದಲಿನಿಂದಲೇ ಇದೆ. ಎಲೆಯ ತುದಿ ಉಣ್ಣುವವರ ಎಡಕ್ಕೆ, ಉಪ್ಪು ಉಪ್ಪಿನಕಾಯಿ ಎಡಮೇಲಿನ ತುದಿಗೆ, ಕೋಸಂಬರಿ ಪಲ್ಯಗಳು ಮೇಲಿನ ಅರ್ಧದಲ್ಲಿ ಸಾಲಾಗಿ, ಅನ್ನ ಕೆಳಗಿನ ಅರ್ಧದಲ್ಲಿ. ನಡುವಿನ ದಿಂಡು ಎರಡು ಅರ್ಧಗಳ ಗಡಿಯಾಗಿ ಬೆರಳಿಗೆ ಸಿಗುತ್ತದೆ. ಬಡಿಸುವವರು ಮನಸ್ಸಿಗೆ ಬಂದಲ್ಲಿ ಹಾಕದೆ ಆ ಕ್ರಮವನ್ನು ಪಾಲಿಸಿದರೆ, ಸ್ಟೀಲ್ ತಟ್ಟೆಯಲ್ಲಿಯೂ ಅದೇ ಕ್ರಮವನ್ನು ಉಳಿಸಿಕೊಂಡರೆ, ಪ್ರತಿ ತುತ್ತಿಗೂ ಕೇಳುವ ಅಗತ್ಯ ಬೀಳುವುದಿಲ್ಲ. ಮದುವೆಮನೆಯಲ್ಲಿ ಪಕ್ಕದವರು ಒಮ್ಮೆ ಎಲೆಯ ಮೇಲಿನ ಪದಾರ್ಥಗಳನ್ನು ಎಡದಿಂದ ಬಲಕ್ಕೆ ಹೆಸರಿಸಿದರೆ ಸಾಕು.

ಒಲೆಯ ಕೆಲಸಕ್ಕೆ ಮುನ್ನ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಮಧುಮೇಹದಿಂದ ದೃಷ್ಟಿ ಹೋದವರಿಗೆ ಬೆರಳತುದಿಗಳ ಸ್ಪರ್ಶಜ್ಞಾನವೂ ಕಡಿಮೆಯಾಗಿರಬಹುದು. ಬಿಸಿ ತಗುಲಿದ್ದು ತಡವಾಗಿ ತಿಳಿದರೆ ಸುಟ್ಟ ಗಾಯ ಆಳವಾಗುತ್ತದೆ. ಅಂಥವರು ಮೊದಲು ವೈದ್ಯರಲ್ಲಿ ಬೆರಳುಗಳ ಸ್ಪರ್ಶವನ್ನು ಪರೀಕ್ಷಿಸಿಕೊಂಡು, ಒಲೆಯ ಬದಲು ವಿದ್ಯುತ್ ಕೆಟಲ್, ಅನ್ನದ ಕುಕ್ಕರ್‌ಗಳಿಂದ ಆರಂಭಿಸುವುದು ಮೇಲು.

ಉಳಿದವರಿಗೆ ಮೊದಲ ಪಾಠ ಕಾಫಿ. ಡಬ್ಬಿಗಳನ್ನು ಗುರುತಿಸಲು ರಬ್ಬರ್ ಬ್ಯಾಂಡ್ ಹಾಕಿರಿ: ಸಕ್ಕರೆಗೆ ಒಂದು, ಉಪ್ಪಿಗೆ ಎರಡು, ಕಾಫಿಪುಡಿಗೆ ಗುರುತು ಬೇಕಿಲ್ಲ, ಮೂಗೇ ಸಾಕು. ಪಾತ್ರೆಯನ್ನು ಒಲೆ ಹಚ್ಚುವ ಮೊದಲೇ ತಣ್ಣನೆಯ ಬರ್ನರ್ ಮೇಲಿಟ್ಟು ಎರಡೂ ಕೈಗಳಿಂದ ನಡುವಿಗೆ ಬಂದಿದೆಯೆಂದು ಖಚಿತಪಡಿಸಿಕೊಂಡು, ಹಿಡಿ ಯಾವ ಕಡೆಗಿದೆಯೆಂದು ಮನಸ್ಸಿನಲ್ಲಿಟ್ಟುಕೊಂಡು, ಆಮೇಲೆ ಉರಿ ಹಚ್ಚಬೇಕು. ಗ್ಯಾಸಿನ ಗುಂಡಿಯ ‘ಸಣ್ಣ ಉರಿ’ಯ ಸ್ಥಾನದಲ್ಲಿ ಗಟ್ಟಿಯಾದ ಅಂಟಿನ ಒಂದು ಚುಕ್ಕೆ ಹಾಕಿಕೊಂಡರೆ ತಿರುಗಿಸುವಾಗ ಬೆರಳಿಗೆ ತಿಳಿಯುತ್ತದೆ. ಹಾಲು ಉಕ್ಕುವ ಮೊದಲು ಅದರ ಸದ್ದು ಬದಲಾಗುತ್ತದೆ. ಆರಂಭದ ದಿನಗಳಲ್ಲಿ ಆಳವಾದ ಪಾತ್ರೆಯಲ್ಲಿ ಅರ್ಧಕ್ಕಿಂತ ಕಡಿಮೆ ಹಾಲಿಟ್ಟು ಆ ಸದ್ದನ್ನು ಕಲಿಯಿರಿ. ಲೋಟಕ್ಕೆ ಸುರಿಯುವಾಗ ಲೋಟವನ್ನು ದವರೆಯೊಳಗೆ (ಅಗಲ ಬಾಯಿಯ ಬಟ್ಟಲಿನೊಳಗೆ) ನಿಲ್ಲಿಸಿಕೊಂಡರೆ ಚೆಲ್ಲಿದ್ದೂ ದವರೆಯಲ್ಲಿಯೇ ಉಳಿಯುತ್ತದೆ. ತಣ್ಣೀರಾದರೆ ಲೋಟದ ಅಂಚಿನೊಳಗೆ ಬೆರಳಿನ ತುದಿ ಇಟ್ಟು ಮಟ್ಟ ತಿಳಿಯಬಹುದು. ಬಿಸಿಯದಕ್ಕೆ ಬೆರಳಿಡಬಾರದು, ಕಿವಿಯಿಡಬೇಕು. ಲೋಟ ತುಂಬುತ್ತ ಬಂದಂತೆ ಸುರಿಯುವ ಸದ್ದಿನ ಶ್ರುತಿ ಏರುತ್ತದೆ. ಹತ್ತಿಪ್ಪತ್ತು ಸಲ ತಣ್ಣೀರಿನಲ್ಲಿ ಅಭ್ಯಾಸ ಮಾಡಿದರೆ ಆ ಏರಿಕೆ ಯಾವ ಹಂತದಲ್ಲಿ ನಿಲ್ಲಿಸಬೇಕೆಂದು ಹೇಳುತ್ತದೆ.

ಒಗ್ಗರಣೆ ಹಾಕುವುದಂತೂ ಪೂರ್ತಿಯಾಗಿ ಕಿವಿ ಮೂಗುಗಳ ಕೆಲಸ. ಉದ್ದ ಹಿಡಿಯ ಸೌಟಿಗೆ ತಣ್ಣಗಿರುವಾಗಲೇ ಎಣ್ಣೆಯನ್ನು ಚಮಚದಿಂದ ಅಳೆದು, ಸಾಸಿವೆಯನ್ನೂ ಅದರಲ್ಲಿಯೇ ಹಾಕಿ, ಆಮೇಲೆ ಸಣ್ಣ ಉರಿಯ ಮೇಲಿಡಿ. ಚಟಪಟ ಸದ್ದು ಎದ್ದು, ಜೋರಾಗಿ, ವಿರಳವಾಗತೊಡಗಿದಾಗ ಇಂಗು ಮತ್ತು ಕರಿಬೇವು. ಕರಿಬೇವನ್ನು ಒರೆಸಿ ಒಣಗಿಸಿಕೊಂಡಿದ್ದರೆ ಎಣ್ಣೆ ಸಿಡಿಯುವುದು ಕಡಿಮೆ. ಸೆರಗು, ಸಡಿಲ ತೋಳು ಇರಬಾರದು. ಅನ್ನಕ್ಕೆ ನೀರಿಡುವುದನ್ನು ಬೆರಳಿನ ಗೆಣ್ಣಿನಿಂದ ಅಳೆಯುವುದು ನಮ್ಮ ಅಜ್ಜಿಯರ ಕಾಲದ ಪದ್ಧತಿ, ಅದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಕೇಳುವುದು ಮತ್ತು ಓದುವುದು

ಬಿಡುವಿನ ಹೊತ್ತಿಗೆ ಟಿ.ವಿ.ಗಿಂತ ರೇಡಿಯೊ ಉತ್ತಮ ಸಂಗಾತಿ, ಏಕೆಂದರೆ ಅಲ್ಲಿ ಮಾತನಾಡುವವರು ಕೇಳುಗರಿಗೆ ಏನೂ ಕಾಣುವುದಿಲ್ಲವೆಂದು ತಿಳಿದೇ ಮಾತನಾಡುತ್ತಾರೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ನಿಲಯದಿಂದ ‘ಆಕಾಶವಾಣಿ’ ಎಂಬ ಹೆಸರು ಬಂದಿತು. ಆ ಪರಂಪರೆಯ ನಾಟಕ, ಸುಗಮ ಸಂಗೀತ, ಕೃಷಿರಂಗಗಳು ಇಂದಿಗೂ ಮೊಬೈಲ್ ಆ್ಯಪ್‌ನಲ್ಲಿಯೂ ಸಿಗುತ್ತವೆ.

ಕಲೆಗಳಲ್ಲಿ ನನ್ನ ಮೊದಲ ಆಯ್ಕೆ ತಾಳಮದ್ದಳೆ. ಯಕ್ಷಗಾನದ ವೇಷ, ಕುಣಿತಗಳನ್ನು ಬಿಟ್ಟು, ಭಾಗವತರ ಹಾಡು ಮತ್ತು ಕುಳಿತು ಆಡುವ ಆಶುಮಾತುಗಳಿಂದಲೇ ನಡೆಯುವ ಈ ಪ್ರಕಾರದಲ್ಲಿ ಕಾಣದವರು ಕಳೆದುಕೊಳ್ಳುವುದು ಬಹುತೇಕ ಏನೂ ಇಲ್ಲ. ಕೂಟಕ್ಕೆ ಹೋಗುವಾಗ ಸ್ವಲ್ಪ ಮುಂಚೆಯೇ ಹೋಗಿ, ಯಾವ ಪಾತ್ರ ಯಾರದು, ಯಾರು ಯಾವ ಕಡೆ ಕುಳಿತಿದ್ದಾರೆ ಎಂಬುದನ್ನು ಕೇಳಿಟ್ಟುಕೊಳ್ಳಿ. ಧ್ವನಿಗಳ ದಿಕ್ಕು ಗೊತ್ತಾದ ಮೇಲೆ ವಾದ ಪ್ರತಿವಾದಗಳನ್ನು ಹಿಂಬಾಲಿಸುವುದು ಸುಲಭ. ಗಮಕವೂ ಹೀಗೆಯೇ, ಶಿವಮೊಗ್ಗದ ಬಳಿಯ ಹೊಸಹಳ್ಳಿಯಂಥ ಊರುಗಳಲ್ಲಿ ಕಾವ್ಯವಾಚನ, ವ್ಯಾಖ್ಯಾನಗಳು ಊರಿನ ಬದುಕಿನ ಭಾಗವಾಗಿವೆ. ಸಿನಿಮಾ ನೋಡುವಾಗ ಜೊತೆಯವರು ಸಂಭಾಷಣೆಯ ನಡುವಿನ ಬಿಡುವಿನಲ್ಲಿ ಮಾತ್ರ, ಸ್ಥಳ, ಬಂದವರು, ಮಾತಿಲ್ಲದೆ ನಡೆದ ಕ್ರಿಯೆ ಇಷ್ಟನ್ನು ಹೇಳಬೇಕು. ‘ಪಾಪ, ಅಳುತ್ತಿದ್ದಾಳೆ’ ಎಂಬ ವಿಮರ್ಶೆ ಬೇಡ, ಅದು ಕೇಳಿಸುತ್ತದೆ.

ಓದುವುದಕ್ಕೆ ಮೊದಲ ಸಾಧನ ಕೈಯಲ್ಲಿರುವ ಫೋನ್. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ, ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್‌ಗೆ ಶಾರ್ಟ್‌ಕಟ್ ಒದಗಿಸಿಕೊಂಡರೆ, ಮುಂದೆ ಧ್ವನಿಯ ಎರಡೂ ಗುಂಡಿಗಳನ್ನು ಮೂರು ಸೆಕೆಂಡು ಒಟ್ಟಿಗೆ ಒತ್ತಿ ಅದನ್ನು ಚಾಲೂ ಮಾಡಬಹುದು. ಆಗ ಪರದೆಯ ವ್ಯಾಕರಣ ಬದಲಾಗುತ್ತದೆ: ಬಲಕ್ಕೆ ಸವರಿದರೆ ಮುಂದಿನ ವಸ್ತು, ಎಡಕ್ಕೆ ಸವರಿದರೆ ಹಿಂದಿನದು, ಎರಡು ಸಲ ತಟ್ಟಿದರೆ ತೆರೆಯುವುದು, ಎರಡು ಬೆರಳುಗಳಿಂದ ಎಳೆದರೆ ಪುಟ ಸರಿಯುವುದು. ಮೊದಲ ವಾರ ಈ ನಾಲ್ಕು ಮಾತ್ರ ಸಾಕು. ಮಾತಿನ ಭಾಷೆಯನ್ನು ಕನ್ನಡಕ್ಕೆ ಹೊಂದಿಸಿ, ವೇಗವನ್ನು ಮೊದಲು ಕಡಿಮೆ ಇಟ್ಟು, ಕಿವಿ ಒಗ್ಗಿದಂತೆ ಹೆಚ್ಚಿಸಿರಿ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ.

ಇಲ್ಲಿ ಕನ್ನಡಿಗರೆಲ್ಲರಲ್ಲಿ ಒಂದು ವಿನಂತಿ. ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಜಗತ್ತಿನಾದ್ಯಂತ ಒಂದೇ ಸಂಕೇತಕ್ರಮ) ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡವು ಸ್ಕ್ರೀನ್ ರೀಡರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕೇಳಿಸುತ್ತದೆ. ಆಹ್ವಾನ ಪತ್ರಿಕೆಯಾಗಲಿ, ಸಂಘದ ಸುತ್ತೋಲೆಯಾಗಲಿ, ಕವಿತೆಯಾಗಲಿ, ಯೂನಿಕೋಡ್‌ನಲ್ಲಿ, ಚಿತ್ರವಾಗಿ ಅಲ್ಲದೆ ಪಠ್ಯವಾಗಿ ಕಳುಹಿಸಿದರೆ ಮಾತ್ರ ಅದು ನಮ್ಮನ್ನು ತಲಪುತ್ತದೆ. ವಾಟ್ಸಾಪಿನಲ್ಲಿ ಚಿತ್ರವನ್ನೇ ಕಳುಹಿಸಬೇಕಾದಾಗ ಕೆಳಗೆ ಒಂದು ಸಾಲಿನ ವಿವರಣೆ ಬರೆಯಿರಿ.

ಪುಸ್ತಕಗಳಿಗಾಗಿ 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯವೆಂಬ ಆನ್‌ಲೈನ್ ಗ್ರಂಥಾಲಯಕ್ಕೆ ಅಂಗವೈಕಲ್ಯದ ಪ್ರಮಾಣಪತ್ರ ನೀಡಿ ಸದಸ್ಯರಾಗಬಹುದು. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಧ್ವನಿಪುಸ್ತಕಗಳನ್ನು ಸಿದ್ಧಪಡಿಸುತ್ತವೆ. ಬೇಕಾದ ಕನ್ನಡ ಪುಸ್ತಕ ಎಲ್ಲಿಯೂ ಸಿಗದಿದ್ದರೆ ಮನೆಯವರು ಅದನ್ನು ಸ್ಕ್ಯಾನ್ ಮಾಡಿ ಅಥವಾ ಓದಿ ಧ್ವನಿಮುದ್ರಿಸಿ ಕೊಡುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿ ಅದಕ್ಕೆ ಅವಕಾಶ ಕೊಟ್ಟಿದೆ, ಮತ್ತು ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿಯೇ ಮೊದಲು ಅನುಮೋದಿಸಿದ ದೇಶ ಭಾರತ. ದೃಷ್ಟಿಹೀನರಿಗಾಗಿ ಕಳುಹಿಸುವ ಬ್ರೈಲ್ ಪುಸ್ತಕಗಳ ಕಟ್ಟನ್ನು ಅಂಚೆ ಇಲಾಖೆಯು 7 ಕಿಲೋ ತೂಕದವರೆಗೆ ಭೂಮಾರ್ಗದಲ್ಲಿ ಉಚಿತವಾಗಿ ಒಯ್ಯುತ್ತದೆ ಎಂಬುದೂ ತಿಳಿದಿರಲಿ.

ಈ ವಯಸ್ಸಿನಲ್ಲಿ ಬ್ರೈಲ್ ಬೇಕೇ ಎಂದು ಕೇಳುವವರಿದ್ದಾರೆ. ಕಾದಂಬರಿ ಓದುವ ವೇಗ ಬರಲಾರದೆಂದೇ ಇಟ್ಟುಕೊಳ್ಳೋಣ; ಆದರೂ ಔಷಧಿಯ ಡಬ್ಬಿಗೆ, ಇಸ್ಪೀಟಿಗೆ, ಸಾರಿನಪುಡಿಯ ಡಬ್ಬಿಗೆ ಹಚ್ಚುವ ಚೀಟಿಗಾದರೂ ಕಲಿಯುವುದು ಒಳ್ಳೆಯದು. ಆರು ಚುಕ್ಕಿಗಳ ಮನೆಯೊಂದಕ್ಕೆ ಒಂದು ಅಕ್ಷರ. 1951ರಲ್ಲಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಭಾರತೀಯ ಭಾಷೆಗಳ ಒಂದೇ ಉಚ್ಚಾರಣೆಯ ಅಕ್ಷರಗಳಿಗೆ ಸಾಮಾನ್ಯವಾಗಿ ಒಂದೇ ಚಿಹ್ನೆಯಿದೆ. ನಮ್ಮ ಒತ್ತಕ್ಷರಗಳು ಕೆಳಗಿಳಿಯದೆ ಸಾಲಿನಲ್ಲಿಯೇ ಬರುತ್ತವೆ. ಸ್ಲೇಟು ಮತ್ತು ಮೊಳೆಯಿಂದ ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ತಿರುವಿ ಎಡದಿಂದ ಬಲಕ್ಕೆ ಓದಬೇಕು. ದಿನಕ್ಕೆ ಎರಡು ಅಕ್ಷರ ಸಾಕು. ‘ಮರ’, ‘ರಸ’, ‘ಬಲ’ದಂಥ ಗುಣಿತವಿಲ್ಲದ ಪದಗಳಿಂದ ಆರಂಭಿಸಿದರೆ ಮೊದಲ ವಾರದಲ್ಲಿಯೇ ಪದ ಓದಿದ ಸಂತೋಷ ಸಿಗುತ್ತದೆ.

ಹಣ

ಈಗಿನ ನೋಟುಗಳಲ್ಲಿ 100, 200, 500 ರೂಪಾಯಿಗಳವು ಒಂದೇ ಅಗಲ. ಉದ್ದ ಮಾತ್ರ ಕ್ರಮವಾಗಿ 142, 146, 150 ಮಿಲಿಮೀಟರ್. ನಾಲ್ಕು ಮಿಲಿಮೀಟರ್ ವ್ಯತ್ಯಾಸವನ್ನು ಬೆರಳಿನಿಂದ ಹಿಡಿಯುವುದು ಸುಲಭವಲ್ಲ, ಉಬ್ಬುಗೆರೆಗಳು ಬಳಸಿದ ನೋಟಿನಲ್ಲಿ ಸವೆದಿರುತ್ತವೆ. ಆದ್ದರಿಂದ ಮನೆಯಲ್ಲಿಯೇ ಮಡಿಕೆಯ ಗುರುತು ಮಾಡಿಕೊಳ್ಳಿ: 100ನ್ನು ಮಡಿಸದೆ, 200ನ್ನು ಅಡ್ಡಕ್ಕೆ ಒಮ್ಮೆ ಮಡಿಸಿ, 500ನ್ನು ಉದ್ದಕ್ಕೆ ಮಡಿಸಿ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಬಿಡುಗಡೆ ಮಾಡಿದ ಮನಿ ಎಂಬ ಆ್ಯಪ್ ಕ್ಯಾಮೆರಾದ ಮುಂದೆ ಹಿಡಿದ ನೋಟಿನ ಮೌಲ್ಯವನ್ನು ಅಂತರ್ಜಾಲವಿಲ್ಲದೆಯೂ ಹೇಳುತ್ತದೆ. ಆದರೆ ನೋಟು ಅಸಲಿಯೋ ನಕಲಿಯೋ ಎಂದು ಹೇಳುವುದಿಲ್ಲ. ನಾಣ್ಯಗಳಲ್ಲಿ 20 ರೂಪಾಯಿಯದು ಹನ್ನೆರಡು ಮೂಲೆಗಳದ್ದಾದ್ದರಿಂದ ಅಂಚು ಸವರಿದರೆ ತಿಳಿಯುತ್ತದೆ.

ಹೊರಗೆ

ಹೊರಗೆ ಹೋಗುವುದನ್ನು ಮೊದಲು ಜೊತೆಗಾರರೊಡನೆ ಆರಂಭಿಸಿ. ನಮ್ಮವರು ಸಾಮಾನ್ಯವಾಗಿ ದೃಷ್ಟಿಯಿಲ್ಲದವರ ರಟ್ಟೆ ಹಿಡಿದು ಮುಂದಕ್ಕೆ ತಳ್ಳುತ್ತಾರೆ. ಅದು ತಪ್ಪು, ಅಪಾಯಕರ ಕೂಡ. ದೃಷ್ಟಿಯಿಲ್ಲದವರೇ ಜೊತೆಗಾರರ ಮೊಣಕೈಯ ಮೇಲ್ಭಾಗವನ್ನು ಹಗುರವಾಗಿ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯಬೇಕು. ಮುಂದಿನವರ ಮೈ ಏರಿದರೆ ಮೆಟ್ಟಿಲು ಏರುವುದಿದೆ, ಇಳಿದರೆ ಇಳಿಯುವುದಿದೆ ಎಂದು ತೋಳೇ ತಿಳಿಸುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಜೊತೆಗಾರರು ತೋಳನ್ನು ಬೆನ್ನ ಹಿಂದಕ್ಕೆ ತಂದರೆ ಹಿಂದಿನವರು ನೇರ ಹಿಂದೆ ಬರಬೇಕೆಂದು ಅರ್ಥ.

ಬಿಳಿಕೋಲನ್ನು ಎದೆಮೂಳೆಯ ಎತ್ತರದಷ್ಟು ಉದ್ದದ್ದಾಗಿ ಆರಿಸಿಕೊಂಡು, ತರಬೇತಿ ಪಡೆದವರಿಂದ ಕಲಿಯಬೇಕು. ಇದನ್ನು ಓದಿ ಕಲಿಯಲು ಬರುವುದಿಲ್ಲ. ಬಲಗಾಲು ಮುಂದೆ ಹೋಗುವಾಗ ಕೋಲಿನ ತುದಿ ಎಡಕ್ಕೆ, ಎಡಗಾಲು ಹೋಗುವಾಗ ಬಲಕ್ಕೆ ಎಂಬ ಲಯ ಕೈಗೆ ಕೂಡಲು ವಾರಗಳು ಹಿಡಿಯುತ್ತವೆ. ಬೆಂಗಳೂರಿನವರು ಅಭ್ಯಾಸಕ್ಕೆ ಜನ ಕಡಿಮೆಯಿರುವ ಹೊತ್ತಿನಲ್ಲಿ ನಮ್ಮ ಮೆಟ್ರೋ ನಿಲ್ದಾಣಗಳನ್ನು ಆರಿಸಿಕೊಳ್ಳಬಹುದು: ಉದ್ದ ಗೆರೆಗಳ ಹಳದಿ ಹಾಸುಗಲ್ಲು ಮುಂದೆ ನಡೆಯಿರಿ ಎಂದೂ, ಗುಂಡು ಚುಕ್ಕೆಗಳದು ನಿಲ್ಲಿ, ತಿರುವೋ ಅಂಚೋ ಇದೆ ಎಂದೂ ಹೇಳುತ್ತದೆ, ನಿಲ್ದಾಣಗಳ ಹೆಸರನ್ನು ಕನ್ನಡದಲ್ಲಿಯೂ ಘೋಷಿಸುತ್ತಾರೆ.

ಹೊರಗಿನ ಆಟಗಳಲ್ಲಿ ಯುವಕರಿಗೂ ಮಕ್ಕಳಿಗೂ ಅಂಧರ ಕ್ರಿಕೆಟ್ ಇದೆ. ಗಟ್ಟಿ ಪ್ಲಾಸ್ಟಿಕ್ ಚೆಂಡಿನೊಳಗೆ ಲೋಹದ ಗುಂಡುಗಳು ಗಿಲಿಗುಟ್ಟುತ್ತವೆ; ಬೌಲರ್ ‘ರೆಡಿ?’ ಎಂದು ಕೇಳಿ, ಬ್ಯಾಟ್ಸ್‌ಮನ್ ‘ಎಸ್’ ಎಂದ ಮೇಲೆ ‘ಪ್ಲೇ’ ಎನ್ನುತ್ತ ಕೈಕೆಳಗಿನಿಂದ ಉರುಳಿಸುತ್ತಾನೆ. ಆಟಗಾರರನ್ನು ಉಳಿದ ದೃಷ್ಟಿಯ ಪ್ರಮಾಣದಂತೆ ಬಿ1, ಬಿ2, ಬಿ3 ಎಂದು ವಿಂಗಡಿಸುತ್ತಾರೆ. ಪೂರ್ಣ ಅಂಧರಾದ ಬಿ1 ಆಟಗಾರರು ಗಳಿಸಿದ ಪ್ರತಿ ಓಟಕ್ಕೂ ಎರಡು ಲೆಕ್ಕ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಗೆದ್ದ ಭಾರತ ತಂಡದ ನಾಯಕ ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಆಸಕ್ತರು ಬೆಂಗಳೂರಿನ ಸಮರ್ಥನಂ ಸಂಸ್ಥೆಯನ್ನು ವಿಚಾರಿಸಬಹುದು. ಅಂಗಳದಲ್ಲಿ ಮೊಮ್ಮಕ್ಕಳೊಡನೆ ಆಡುವುದಕ್ಕಾದರೆ ವಿಶೇಷ ಚೆಂಡೂ ಬೇಕಾಗಿಲ್ಲ: ಸಾಮಾನ್ಯ ರಬ್ಬರ್ ಚೆಂಡನ್ನು ಗರಗರ ಸದ್ದು ಮಾಡುವ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಬಿಗಿದು ಕಟ್ಟಿ, ನೆಲದ ಮೇಲೆ ಉರುಳಿಸಿರಿ. ಚೀಲ ಹರಿದಾಗ ಹೊಸದನ್ನು ಕಟ್ಟಿಕೊಡುವ ಕೆಲಸವನ್ನು ಮಕ್ಕಳಿಗೆ ವಹಿಸಿ, ಸದ್ದು ನಿಂತ ಚೆಂಡನ್ನು ಹುಡುಕಲು ಹೋಗುವ ಮೊದಲು ‘ಎಲ್ಲಿದೆ, ಎಷ್ಟು ಹೆಜ್ಜೆ?’ ಎಂದು ಅವರನ್ನೇ ಕೇಳಿರಿ.